ಬೋರ್ಡಿಲ್ಲದ ಕೌದಿ ಅಂಗಡಿ: ಹುಬ್ಬಳ್ಳಿ ಗದಗ ರಸ್ತೆಯ ಮೆನ್ನೊನೈಟ್ ಹೊಲಿಗೆ ಖೋಲಿ

ದಿನಾ ಹೊದೆಯಲು ಬೇಕಾದವರು ಇಲ್ಲಿ ಕೈಹೊಲಿಗೆಯ ಕೌದಿಯನ್ನೇ ಹೇಳಿ ಮಾಡಿಸಿಕೊಳ್ಳಬೇಕು. ಪಕ್ಕದ ಕಪಾಟಿನಲ್ಲಿ ಬಣ್ಣಬಣ್ಣದ ಚೌಕಗಳ, ನಡುನಡುವೆ ದಾರದ ಗಂಟು ಹಾಕಿದ ಹೊದಿಕೆಗಳನ್ನು ಅಡುಕಿಟ್ಟಿರುತ್ತಾರೆ. ಅವು ಅಗ್ಗ, ಕೈಯಲ್ಲಿ ಹಿಡಿದರೆ ಹತ್ತಿಯಷ್ಟು ಹಗುರ, ಬಂದವರೆಲ್ಲ ಮೊದಲು ಮುಟ್ಟುವುದು ಅವನ್ನೇ. ಆದರೆ ಅವು ಹುಟ್ಟಿದ್ದೇ ಬೇರೆ ಉಪಯೋಗಕ್ಕೆ. ಆ ಉಪಯೋಗ ಏನೆಂದು ತಿಳಿಯದೆ ಕೊಂಡುಹೋದವರು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೊಣಗುತ್ತಾರೆ.

ಜಾಗ ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸ್ ಹಿಂದಿನ ಓಣಿ. ಪ್ರಾರ್ಥನೆ ಕೋಣೆಗೆ ಹತ್ತಿಕೊಂಡ ಎರಡು ಖೋಲಿ, ಒಂದರಲ್ಲಿ ಹೊಲಿಗೆ, ಇನ್ನೊಂದರಲ್ಲಿ ಮಾರಾಟ. ಬೋರ್ಡ್ ಇಲ್ಲ. ‘ಕೌದಿ ಅಕ್ಕಾರ ಮನಿ’ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ನಡೆಸುವವರು ರೈಲ್ವೆ ನೌಕರಿಯ ಬೆನ್ನುಹತ್ತಿ ಮಹಬೂಬನಗರ, ನಾಗರಕರ್ನೂಲ್ ಕಡೆಯಿಂದ ಬಂದು ಇಲ್ಲೇ ಬೇರುಬಿಟ್ಟ ಕುಟುಂಬಗಳ ಹೆಣ್ಣುಮಕ್ಕಳು. ಮನೆಮಾತು ತೆಲುಗು, ವ್ಯಾಪಾರದ ಮಾತು ಅಪ್ಪಟ ಹುಬ್ಬಳ್ಳಿ ಕನ್ನಡ. ಸಭೆ ಮೆನ್ನೊನೈಟ್ ಬ್ರದರನ್ ಪರಂಪರೆಯದು, ಅಂದರೆ ಪ್ರಾಯದವರಿಗಷ್ಟೇ ದೀಕ್ಷಾಸ್ನಾನ ಕೊಡುವ, ಆಯುಧ ಹಿಡಿಯದ ಕ್ರೈಸ್ತ ಪಂಗಡದ್ದು. ತೆಲಂಗಾಣದಲ್ಲಿ ಈ ಪಂಗಡಕ್ಕೆ ನೂರು ವರ್ಷ ದಾಟಿದ ಇತಿಹಾಸವಿದೆ: ರಷ್ಯಾ ಸಾಮ್ರಾಜ್ಯದ ಮೆನ್ನೊನೈಟ್ ಹಳ್ಳಿಗಳ ಕಡೆಯಿಂದ ಅಬ್ರಹಾಂ ಫ್ರೀಸನ್ 1889ರಲ್ಲಿ ನಿಜಾಮರ ಸೀಮೆಗೆ ಬಂದು ಮುಂದೆ ನಲ್ಗೊಂಡದಲ್ಲಿ ನೆಲೆನಿಂತರು, ಅದಾಗಿ ಹತ್ತು ವರ್ಷಕ್ಕೆ ಅಮೆರಿಕದ ಮೆನ್ನೊನೈಟ್ ಬ್ರದರನ್ನರು ಹೈದರಾಬಾದಿಗೆ ಬಂದರು. ಜಡ್ಚರ್ಲಾದ ಆಸ್ಪತ್ರೆ, ಶಂಶಾಬಾದಿನ ಬೈಬಲ್ ಕಾಲೇಜು ಈ ಪಂಗಡದವೇ.

ಮೊದಲು ಗಂಟಿನ ಹೊದಿಕೆ. ಅಳತೆ 60 ಇಂಚು ಅಗಲ, 80 ಇಂಚು ಉದ್ದ. ಉತ್ತರ ಅಮೆರಿಕದ ಮೆನ್ನೊನೈಟ್ ಹೆಣ್ಣುಮಕ್ಕಳು ಪರಿಹಾರ ಕೆಲಸಕ್ಕೆಂದು ಗುಂಪಾಗಿ ಕೂತು ಕಟ್ಟುವ ಹೊದಿಕೆಯ ಅಳತೆಯೂ ಹೆಚ್ಚುಕಡಿಮೆ ಇಷ್ಟೇ. ಮೇಲ್ಪದರಕ್ಕೆ 11 ಇಂಚಿನ 48 ಚೌಕ ಕತ್ತರಿಸುತ್ತಾರೆ. ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಹೋದರೆ 10 ಇಂಚು ಉಳಿಯುತ್ತದೆ, ಆರರ ಎಂಟು ಸಾಲು. ಬಟ್ಟೆ ಹೆಚ್ಚಾಗಿ ಟೇಲರ್ ಅಂಗಡಿಗಳ ಉಳಿಕೆ ತುಂಡು. ನಡುವೆ ಒಂದು ರೆಕ್ರಾನ್ (ಪಾಲಿಯೆಸ್ಟರ್ ನಾರಿನ) ಹಾಳೆ, ಕೆಳಗೆ ಒಂದೇ ಅಖಂಡ ಕಾಟನ್ ಬಟ್ಟೆ. ಮೂರನ್ನೂ ನೆಲದ ಮೇಲೆ ಬಿಗಿಯಾಗಿ ಹಾಸಿ, ಪ್ರತಿ ಐದು ಇಂಚಿಗೆ ಒಂದು ಗಂಟು. ದಬ್ಬಣದಲ್ಲಿ ಕ್ರೋಶಾ ದಾರ ಪೋಣಿಸಿ ಮೇಲಿಂದ ಕೆಳಕ್ಕೆ, ಕಾಲಿಂಚು ಬಿಟ್ಟು ಮತ್ತೆ ಮೇಲಕ್ಕೆ ತಂದು ಕಟ್ಟುತ್ತಾರೆ. ಲೆಕ್ಕ ಹಾಕಿದರೆ ಅಡ್ಡಕ್ಕೆ 11, ಉದ್ದಕ್ಕೆ 15, ಒಟ್ಟು 165 ಗಂಟು. ಕೊನೆಗೆ ಕೆಳಬಟ್ಟೆಯ ಅಂಚನ್ನು ಮೇಲಕ್ಕೆ ಮಡಚಿ ಮಷೀನಿನಲ್ಲಿ ಹೊಲಿಗೆ. ಮಷೀನಿನ ಕೆಲಸ, ಗಂಟಿನ ಕೆಲಸ ಎರಡೂ ಸೇರಿ ಒಬ್ಬರಿಗೆ ಸುಮಾರು ಆರು ತಾಸು.

ಇದರಲ್ಲಿ ಕೆಡುವುದು ಎರಡೇ ಕಡೆ. ಒಂದು, ಗಂಟು. ಎಡದೆಳೆಯನ್ನು ಬಲದ ಮೇಲೆ ಹಾಕಿ ಬಿಗಿದಾದ ಮೇಲೆ, ಎರಡನೆಯ ಸುತ್ತಿಗೆ ಬಲದೆಳೆಯನ್ನು ಎಡದ ಮೇಲೆ ಹಾಕಬೇಕು. ಎರಡು ಸಲವೂ ಒಂದೇ ಕಡೆಯಿಂದ ಹಾಕಿದ ಗಂಟು ನೋಡಲು ಹಾಗೆಯೇ ಕಂಡರೂ ಒಗೆತಕ್ಕೆ ಜಾರುತ್ತದೆ. ಸರಿಯಾದ ಗಂಟಿನ ಎರಡು ಬಾಲ ದಾರದ ಜೊತೆ ಒಂದೇ ಗೆರೆಯಲ್ಲಿ ಮಲಗಿರುತ್ತವೆ, ತಪ್ಪಿದ್ದರಲ್ಲಿ ಅಡ್ಡಕ್ಕೆ ಎದ್ದು ನಿಲ್ಲುತ್ತವೆ. ಕೊಳ್ಳುವಾಗ ನಾಲ್ಕು ಗಂಟು ಹೀಗೆ ನೋಡಿದರೆ ಸಾಕು. ಬಾಲ ಮುಕ್ಕಾಲು ಇಂಚಿಗಿಂತ ಗಿಡ್ಡ ಇದ್ದರೆ ಬೇಡ ಅನ್ನಿ. ಪಾಲಿಯೆಸ್ಟರ್ ದಾರದ್ದು ಕಂಡರೂ ಬೇಡ, ಅದು ನುಣುಪು, ಗಂಟು ಹಿಡಿಯುವುದಿಲ್ಲ. ಎರಡನೆಯದು ನಡುವಿನ ಹಾಳೆ. ಗಂಟು ಗಂಟಿನ ನಡುವಿನ ಅಂತರ ಆರು ಇಂಚು ದಾಟಿದರೆ ಹಾಳೆ ಒಳಗೊಳಗೇ ಸರಿದು ಒಂದೆಡೆ ಗಡ್ಡೆ ಕಟ್ಟುತ್ತದೆ, ಇನ್ನೊಂದೆಡೆ ಬರೀ ಬಟ್ಟೆ ಉಳಿಯುತ್ತದೆ. ಗಡ್ಡೆ ಕಟ್ಟಿದ್ದನ್ನು ಬಿಚ್ಚದೆ ರಿಪೇರಿ ಮಾಡುವ ದಾರಿಯೇ ಇಲ್ಲ. ಇಲ್ಲಿನವರು ಅಂತರದ ವಿಷಯದಲ್ಲಿ ಕಟ್ಟುನಿಟ್ಟು, ಐದು ಇಂಚಿನ ರಟ್ಟಿನ ಪಟ್ಟಿ ಹಿಡಿದೇ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಹೊಸದಾಗಿ ಕಲಿಯುವವರ ಕೈಯ ಗಂಟು ಮಾತ್ರ ಒಮ್ಮೊಮ್ಮೆ ಜಾರುವ ಜಾತಿಯದೇ ಇರುತ್ತದೆ.

ಕೌದಿಯ ವಿಷಯ ಬೇರೆ. ಇದರಲ್ಲಿ ಅಮೆರಿಕದ್ದೇನೂ ಇಲ್ಲ, ನಮ್ಮ ಓಣಿಗಳಲ್ಲಿ ಬೇಸಿಗೆಗೆ ಬಂದು ಕಟ್ಟೆಯ ಮೇಲೆ ಕೂತು ಹೊಲಿದುಕೊಟ್ಟು ಹೋಗುವವರ ಕೌದಿಯೇ ಇದು. ಬಟ್ಟೆ ನಿಮ್ಮದು. ಒಬ್ಬರು ಹೊದೆಯುವ ಅಳತೆಗೆ ಆರು ಗಜದ ಹಳೆಯ ಕಾಟನ್ ಸೀರೆ ಮೂರು ಬೇಕು: ಒಂದು ಸೀರೆಯಿಂದ ಹೆಚ್ಚುಕಡಿಮೆ ಎರಡು ಪದರ ಹೊರಡುತ್ತದೆ, ಎರಡರಿಂದ ಒಳಗಿನ ನಾಲ್ಕು ಪದರ, ಮೂರನೆಯದು ಮೇಲಿನ ತೇಪೆಗೆ ಮತ್ತು ಅಂಚಿಗೆ. ಸವೆದ ಧೋತರ ಇದ್ದರೆ ಒಳಪದರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಒಗೆದೊಗೆದು ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಹೊಸ ಕಾಟನ್ ಕೊಡಬೇಡಿ. ಹೊಸದು ಮೊದಲ ಒಗೆತಕ್ಕೆ ಕುಗ್ಗುತ್ತದೆ, ಹಳೆಯದು ಕುಗ್ಗುವುದಿಲ್ಲ, ಹೊಲಿಗೆಯ ನಡುವೆ ಸುಕ್ಕು ಏಳುತ್ತದೆ. ಜಾರ್ಜೆಟ್, ನೈಲಾನ್ ಸೀರೆ ಒಳಪದರಕ್ಕೆ ಹಾಕಿದರೆ ಸೂಜಿಯ ಕೆಳಗೇ ಜಾರುತ್ತದೆ. ಇಳಕಲ್ ಸೀರೆ ಕೊಡುವವರು ಬಹಳ. ಒಡಲು ಕಾಟನ್ ಆಗಿದ್ದರೆ ಚಿಂತೆಯಿಲ್ಲ, ಸೆರಗನ್ನು ಮಾತ್ರ ಬೇರೆ ತೆಗೆಯಬೇಕು. ರೇಷ್ಮೆಯ ಸೆರಗು ಹಳೆಯದಾದರೆ ಮಡಿಕೆಯಲ್ಲೇ ಸೀಳುತ್ತದೆ. ಜರಿ ದಡಿ ಇದ್ದರೆ ಅದನ್ನೂ ಕತ್ತರಿಸಿಯೇ ಕೊಡಿ, ಇಲ್ಲವಾದರೆ ಕುತ್ತಿಗೆಗೆ ಚುಚ್ಚುತ್ತದೆ.

ಪದರಗಳನ್ನು ಹಾಸಿ ನಾಲ್ಕೂ ಮೂಲೆಗೆ ಕಲ್ಲಿಟ್ಟು, ಗೇಣಿಗೊಂದರಂತೆ ಕಚ್ಚಾ ಟಾಕಿ ಹಾಕಿ ಹಿಡಿದುಕೊಂಡು, ಆಮೇಲೆ ಅಂಚಿನಿಂದ ಒಳಗೆ ಸಾಲುಸಾಲಾಗಿ ಹೊಲಿಯುತ್ತಾರೆ. ಸಾಲಿನಿಂದ ಸಾಲಿಗೆ ಒಂದು ಇಂಚು. 60 ಇಂಚು ಅಗಲಕ್ಕೆ ಸುಮಾರು 60 ಸಾಲು, ಒಂದೊಂದೂ 80 ಇಂಚು ಉದ್ದ. ಅಂದರೆ 120 ಮೀಟರ್ ದಾಟಿದ ಹೊಲಿಗೆ, ಇಂಚಿಗೆ ಮೂರು ಟಾಕಿ ಹಿಡಿದರೂ ಹದಿನಾಲ್ಕು ಸಾವಿರಕ್ಕೆ ಮೇಲೆ. ಕಚ್ಚಾ ಟಾಕಿ ಹಾಕದೆ ಅವಸರ ಮಾಡಿದ ಕೌದಿಯನ್ನು ಗುರುತಿಸುವುದು ಸುಲಭ: ಮಡಚಿ ಮೂಲೆಗೆ ಮೂಲೆ ಕೂಡಿಸಿದರೆ ಕೂಡುವುದಿಲ್ಲ, ಒಳಪದರ ಒಂದು ಕಡೆ ಎಳೆದುಕೊಂಡಿರುತ್ತದೆ. ಇಲ್ಲಿನ ಕೌದಿ ಈ ಪರೀಕ್ಷೆಯಲ್ಲಿ ಪಾಸು. ಒಂದು ಸಾಲು ಹರಿದರೂ ಅಕ್ಕಪಕ್ಕದ ಸಾಲು ಹಿಡಿದಿರುತ್ತದೆ, ಹರಿದ ಕಡೆ ತೇಪೆ ಇಟ್ಟು ಮತ್ತೆ ನಾಲ್ಕು ಸಾಲು ಹೊಲಿದರೆ ಆಯಿತು. ಹತ್ತು ಹದಿನೈದು ವರ್ಷ ಬಾಳುತ್ತದೆ ಅನ್ನುವುದು ಇಂಥದ್ದಕ್ಕೆ.

ವ್ಯಾಪಾರದ ರೀತಿಯನ್ನು ಬೇರೆಯೇ ಹೇಳಬೇಕು. ಬೆಲೆ ಒಂದೇ, ಚೌಕಾಶಿ ಇಲ್ಲ. ಅದಕ್ಕಿಂತ ದೊಡ್ಡದು, ಮಾಲಿನ ಕೊರತೆಯನ್ನು ಅವರೇ ಮೊದಲು ಹೇಳುತ್ತಾರೆ. ಗಿರಾಕಿ ಕೆಂಪು ಚೌಕದ ಹೊದಿಕೆ ಕೈಗೆತ್ತಿಕೊಂಡರೆ ಅಕ್ಕ ಹೀಗನ್ನುತ್ತಾರೆ:

‘ಕೆಂಪ ಬಣ್ಣ ಬಿಡತೈತ್ರಿ ಅದು. ಎರಡ ಸಲ ಬ್ಯಾರೆ ಒಗೀರಿ.’

‘ಗ್ಯಾರಂಟಿ ಏನೈತ್ರಿ ಅಕ್ಕಾರ?’

‘ಗ್ಯಾರಂಟಿ ಅಂತ ಹೇಳಾಕ ಬರಂಗಿಲ್ರಿ. ಗಂಟ ಬಿಚ್ಚಿದ್ರ ತಂದ ಕೊಡ್ರಿ, ಮತ್ತ ಕಟ್ಟಿ ಕೊಡ್ತೇವಿ.’

ಇದು ಬರೀ ಸ್ವಭಾವವಲ್ಲ. ಆಣೆ ಇಡಬೇಡಿ, ನಿಮ್ಮ ಹೌದು ಹೌದಾಗಿರಲಿ, ಅಲ್ಲ ಅಲ್ಲವಾಗಿರಲಿ ಎಂಬ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ಮಾತನ್ನು ಇವರ ಪಂಗಡದ ಪೂರ್ವಿಕರು ಅಕ್ಷರಶಃ ಹಿಡಿದರು. 1527ರಲ್ಲಿ ಸ್ವಿಟ್ಜರ್ಲೆಂಡಿನ ಶ್ಲೈಟ್‌ಹೈಮಿನಲ್ಲಿ ಒಪ್ಪಿಕೊಂಡ ಏಳು ಕಲಮುಗಳಲ್ಲಿ ಕೊನೆಯದು ಆಣೆಯ ನಿಷೇಧ, ಅದಕ್ಕೆ ಹಿಂದಿನದು ಕತ್ತಿ ಹಿಡಿಯಬಾರದು ಎಂಬುದು. ಕೋರ್ಟಿನಲ್ಲಿ ಪ್ರಮಾಣ ಮಾಡುವುದಿಲ್ಲ, ಸೈನ್ಯಕ್ಕೆ ಸೇರುವುದಿಲ್ಲ ಎಂದು ಹಟ ಹಿಡಿದದ್ದಕ್ಕೆ ಯುರೋಪಿನ ಉದ್ದಗಲಕ್ಕೂ ಇವರನ್ನು ಅಟ್ಟಾಡಿಸಿದರು. ಆ ಹಟದ ಒಂದು ಚೂರು ಹುಬ್ಬಳ್ಳಿಯ ಓಣಿಯಲ್ಲಿ, ಬಣ್ಣ ಬಿಡುವ ಬಟ್ಟೆಯ ಮುಂದೆ ಈ ರೂಪದಲ್ಲಿ ಉಳಿದಿದೆ. ಗಿರಾಕಿಗೆ ಲಾಭವೇ.

ಮಾರಾಟದ ಖೋಲಿಯ ಗೋಡೆಗೆ ಇತಿಹಾಸದ ಆರು ಫಲಕ ತೂಗುಹಾಕಿದ್ದಾರೆ, ಶನಿವಾರ ಸಂಜೆ ಯಾರಾದರೂ ಕೇಳಿದರೆ ಅರ್ಧ ತಾಸು ಕೂತು ವಿವರಿಸುತ್ತಾರೆ. ವಿವರಣೆ ಚೆನ್ನಾಗಿದೆ, ಫಲಕಗಳನ್ನು ತಿದ್ದಬೇಕು. ‘ಮೆನ್ನೊ ಸೈಮನ್ಸ್ 1525ರಲ್ಲಿ ಸ್ಥಾಪಿಸಿದ ಸಭೆ’ ಎಂದು ಮೊದಲ ಫಲಕದಲ್ಲೇ ಇದೆ. 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಒಬ್ಬರಿಗೊಬ್ಬರು ಪ್ರಾಯದ ದೀಕ್ಷಾಸ್ನಾನ ಕೊಟ್ಟುಕೊಂಡವರು ಕಾನ್ರಾಡ್ ಗ್ರೆಬೆಲ್, ಜಾರ್ಜ್ ಬ್ಲೌರಾಕ್, ಫೀಲಿಕ್ಸ್ ಮಾಂಜ್ ಮತ್ತವರ ಸಂಗಡಿಗರು. ಆಗ ಮೆನ್ನೊ ನೆದರ್ಲ್ಯಾಂಡ್ಸ್ ಕಡೆಯ ಫ್ರೀಸ್‌ಲ್ಯಾಂಡಿನಲ್ಲಿ ಕ್ಯಾಥೊಲಿಕ್ ಪಾದ್ರಿ. ಅವರು ಆ ಸಭೆ ಬಿಟ್ಟು ಬಂದದ್ದು 1536ರಲ್ಲಿ. ಅಷ್ಟರಲ್ಲಿ ಮಾಂಜ್‌ರನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದು ಒಂಬತ್ತು ವರ್ಷವಾಗಿತ್ತು. ಹನ್ನೊಂದು ವರ್ಷದ ಈ ಅಂತರ ಸಣ್ಣದಲ್ಲ. ನಡುವೆ 1534–35ರಲ್ಲಿ ಮ್ಯೂನ್‌ಸ್ಟರ್ ನಗರವನ್ನು ಇದೇ ಮರುದೀಕ್ಷೆಯವರ ಒಂದು ಗುಂಪು ಆಯುಧ ಹಿಡಿದು ವಶಮಾಡಿಕೊಂಡಿತು, ಅದು ರಕ್ತಪಾತದಲ್ಲಿ ಮುಗಿಯಿತು. ಮೆನ್ನೊ ಅದನ್ನು ಖಂಡಿಸಿ, ಚದುರಿಹೋದವರನ್ನು ಅಹಿಂಸೆಯ ದಾರಿಗೆ ಕೂಡಿಸಿದ್ದಕ್ಕೇ ಪಂಗಡಕ್ಕೆ ಅವರ ಹೆಸರು ನಿಂತದ್ದು. ಫಲಕದಲ್ಲಿ ಮ್ಯೂನ್‌ಸ್ಟರ್ ಸುದ್ದಿಯೇ ಇಲ್ಲ. ಕಹಿ ಸಂಗತಿ ಬಿಟ್ಟುಬಿಟ್ಟರೆ ಶಾಂತಿಯ ಪಾಠ ಇವರಿಗೆ ಎಷ್ಟು ದುಬಾರಿಗೆ ಬಿತ್ತು ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಬಟ್ಟೆಯ ಕೊರತೆ ಹೇಳುವಷ್ಟೇ ಧಾರಾಳವಾಗಿ ಇದನ್ನೂ ಹೇಳಬಹುದಿತ್ತು.

ಒಳ್ಳೆಯ ಫಲಕವೂ ಇದೆ. 1569ರಲ್ಲಿ ಡಿರ್ಕ್ ವಿಲೆಮ್ಸ್ ಎಂಬ ಮರುದೀಕ್ಷೆಯವ ಸೆರೆಮನೆಯಿಂದ ತಪ್ಪಿಸಿಕೊಂಡು ನೀರಿನ ಮೇಲೆ ಕಟ್ಟಿದ ತೆಳುವಾದ ಹಿಮ ದಾಟಿಹೋದ. ಬೆನ್ನಟ್ಟಿ ಬಂದವನ ಕಾಲಡಿ ಹಿಮ ಒಡೆಯಿತು. ವಿಲೆಮ್ಸ್ ತಿರುಗಿ ಬಂದು ಅವನನ್ನು ಎತ್ತಿ ಉಳಿಸಿದ, ಹಾಗೆ ಮಾಡಿದ್ದಕ್ಕೇ ಸಿಕ್ಕಿಬಿದ್ದ, ಆಸ್ಪೆರೆನ್ ಊರಿನಲ್ಲಿ ಅವನನ್ನು ಸುಟ್ಟು ಕೊಂದರು. ಯಾನ್ ಲಾಯ್ಕನ್ 1685ರಲ್ಲಿ ಕೆತ್ತಿದ ಆ ದೃಶ್ಯದ ಪ್ರತಿಯನ್ನು ದೊಡ್ಡದು ಮಾಡಿ ಹಾಕಿದ್ದಾರೆ, ಕೆಳಗೆ ನಾಲ್ಕೇ ಸಾಲು ಕನ್ನಡ. ಮಕ್ಕಳೊಂದಿಗೆ ಹೋದವರು ಇದೊಂದನ್ನಾದರೂ ತೋರಿಸಿ.

ನಮ್ಮ ಕಡೆಯವರಿಗೆ ಇಲ್ಲಿ ಆಗುವ ಗೊಂದಲ ಇನ್ನೊಂದು. ‘ಮಿಶನ್ನವರು’ ಅಂದೊಡನೆ ಬಾಸೆಲ್ ಮಿಶನ್ ನೆನಪಾಗುತ್ತದೆ, ಧಾರವಾಡದ ಶಾಲೆ, ಕಿಟೆಲ್, ಬೆಟಗೇರಿಯ ಆಸ್ಪತ್ರೆ ಎಲ್ಲ ಒಂದೇ ಗಂಟಿಗೆ ಸೇರುತ್ತವೆ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಅದರ ಸಭೆಗಳು ಈಗ ದಕ್ಷಿಣ ಭಾರತ ಸಭೆಯಲ್ಲಿವೆ, ಅಲ್ಲಿ ಹಸುಗೂಸಿಗೂ ದೀಕ್ಷಾಸ್ನಾನ ಕೊಡುತ್ತಾರೆ. ಮೆನ್ನೊನೈಟರು ಜಗಳವಾಡಿದ್ದೇ ಆ ವಿಷಯಕ್ಕೆ: ತಾನಾಗಿ ಬುದ್ಧಿ ಬಂದು ಒಪ್ಪಿದವರಿಗೆ ಮಾತ್ರ ದೀಕ್ಷೆ. ಅದರಲ್ಲೂ ಒಳಭೇದವಿದೆ. ಛತ್ತೀಸಗಡದ ಧಮ್ತರಿ ಕಡೆ 1899ರಲ್ಲಿ ಬಂದ ಹಳೆಯ ಮೆನ್ನೊನೈಟರ ಪದ್ಧತಿ ತಲೆಯ ಮೇಲೆ ನೀರು ಹೊಯ್ಯುವುದು, 1860ರಲ್ಲಿ ರಷ್ಯಾದಲ್ಲಿ ಬೇರೆಯಾದ ಬ್ರದರನ್ನರದ್ದು ಪೂರ್ತಿ ಮುಳುಗಿಸುವುದು. ಬಾಸೆಲ್ ಊರಿನ ನಂಟು ಬೇಕೆಂದರೆ ಒಂದಿದೆ: ಜಗತ್ತಿನ ಮೆನ್ನೊನೈಟರು ಮೊದಲ ಸಲ ವಿಶ್ವ ಸಮ್ಮೇಳನ ಕೂಡಿದ್ದು 1925ರಲ್ಲಿ ಬಾಸೆಲ್‌ನಲ್ಲೇ. ಫಲಕದಲ್ಲಿ ಇದನ್ನು ಬರೆದರೆ ಧಾರವಾಡದಿಂದ ಬಂದವರು ಇನ್ನೂ ಎರಡು ನಿಮಿಷ ನಿಂತು ಓದಿಯಾರು.

ಇನ್ನು ಗಂಟಿನ ಹೊದಿಕೆ ಯಾಕೆ ಬೇಕು? ರಷ್ಯಾದ ದಕ್ಷಿಣ ಭಾಗ, ಈಗಿನ ಉಕ್ರೇನಿನಲ್ಲಿ ಹಸಿವು ಹಬ್ಬಿದಾಗ ಅಲ್ಲಿನವರ ಹೊಟ್ಟೆಗೆ ಬಟ್ಟೆಗೆ ಕೊಡಲು ಅಮೆರಿಕದ ಮೆನ್ನೊನೈಟರು 1920ರಲ್ಲಿ ಕೂಡಿ ಕಟ್ಟಿದ್ದು ಮೆನ್ನೊನೈಟ್ ಸೆಂಟ್ರಲ್ ಕಮಿಟಿ. 1942ರಲ್ಲಿ ಅದು ಬಂಗಾಳಕ್ಕೂ ಬಂತು. ಯುದ್ಧಕ್ಕೆ ಹೋಗುವುದಿಲ್ಲ ಅಂದಮೇಲೆ ಕೈಕಟ್ಟಿ ಕೂರುವಂತಿಲ್ಲ, ಅದರ ಬದಲು ಏನಾದರೂ ಮಾಡಲೇಬೇಕು ಎಂಬುದು ಇವರ ಲೆಕ್ಕ. ಗಂಟಿನ ಹೊದಿಕೆ ಆ ಲೆಕ್ಕಕ್ಕೆ ಸರಿಯಾಗಿ ಒದಗುತ್ತದೆ: ಹೊಲಿಗೆ ಬಾರದವರೂ ಗಂಟು ಹಾಕಬಲ್ಲರು, ಹತ್ತು ಜನ ಸುತ್ತ ಕೂತರೆ ಒಂದು ತಾಸಿಗೆ ಒಂದು ಎದ್ದುಬರುತ್ತದೆ. ನೆನೆದರೂ ಬೇಗ ಒಣಗುತ್ತದೆ, ಇದು ಎಲ್ಲಕ್ಕಿಂತ ದೊಡ್ಡ ಗುಣ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದದ ಕೊಣ್ಣೂರು, ರೋಣದ ಹೊಳೆಆಲೂರು ಕಡೆ ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ನೆನೆದ ಕೌದಿಯ ಕಷ್ಟ ಗೊತ್ತು. ಐದು ಪದರದ ಹತ್ತಿ ನೀರು ಕುಡಿದರೆ ಇಬ್ಬರು ಹಿಡಿದರೂ ಹಿಂಡಲಾಗದು, ಮೋಡದ ದಿನಗಳಲ್ಲಿ ಮೂರನೆಯ ದಿನಕ್ಕೆ ವಾಸನೆ, ಆಮೇಲೆ ಬೂಷ್ಟು. ರೆಕ್ರಾನ್ ಹಾಳೆ ನೀರು ಹೀರುವುದಿಲ್ಲ, ಗಾಳಿಗೆ ಹರವಿದರೆ ಒಂದೇ ದಿನ. ಶಾಲೆಯ ವರಾಂಡದಲ್ಲಿ ಮಲಗುವವರಿಗೆ ಹಂಚಲು ಇದೇ ಸರಿ. ಮಾರಿ ಬಂದ ಲಾಭದಲ್ಲಿ ಇಂಥವನ್ನೇ ಕಟ್ಟಿ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಾರೆ, ಕೊಡುವಾಗ ಜಾತಿ ಧರ್ಮ ಕೇಳುವುದಿಲ್ಲ. ಧರ್ಮದ ಕರಪತ್ರ ಟೇಬಲ್ಲಿನ ಒಂದು ಮೂಲೆಯಲ್ಲಿ ಇರುತ್ತದೆ, ನೀವಾಗಿ ತೆಗೆದುಕೊಂಡರೆ ಉಂಟು, ಚೀಲದೊಳಗೆ ತುರುಕುವುದಿಲ್ಲ.

ನಮ್ಮ ದೊಡ್ಡ ತಕರಾರು ಬೆಲೆಯ ಬಗ್ಗೆ, ಅದೂ ಉಲ್ಟಾ ತಕರಾರು. ಗಂಟಿನ ಹೊದಿಕೆಗೆ 950 ರೂಪಾಯಿ. ಬಟ್ಟೆ, ಹಾಳೆ, ದಾರಕ್ಕೆ 500 ಹೋದರೂ ಆರು ತಾಸಿಗೆ 450 ಉಳಿಯುತ್ತದೆ, ತಾಸಿಗೆ 75. ಕೌದಿಯ ಕೂಲಿ 1,600. ದಾರದ ಖರ್ಚು ಕಡಿಮೆಯೇ, ಆದರೆ 120 ಮೀಟರ್ ಹೊಲಿಗೆಗೆ ಪಳಗಿದ ಕೈಗೂ ನಲವತ್ತೈದು ತಾಸು ಬೇಕು. ಭಾಗಿಸಿ ನೋಡಿ: ತಾಸಿಗೆ 35 ರೂಪಾಯಿಯ ಸುತ್ತಮುತ್ತ. ಕಷ್ಟದ ಕೆಲಸಕ್ಕೆ ಅರ್ಧ ಕೂಲಿ! ಓಣಿಯಲ್ಲಿ ತಿರುಗುವವರು ಇಷ್ಟಕ್ಕೇ ಹೊಲಿಯುತ್ತಾರೆ, ಹೆಚ್ಚು ಕೇಳಿದರೆ ಗಿರಾಕಿ ಬರುವುದಿಲ್ಲ ಎಂಬುದು ಅವರ ಉತ್ತರ. ಆದರೆ ನ್ಯಾಯದ ಮಾತನ್ನು ಗೋಡೆಗೆ ಹಾಕಿಕೊಂಡವರು ಪೇಟೆ ದರದ ಹಿಂದೆ ಅಡಗಬಾರದು. 2,500 ಅಂದರೂ ಇಂಥ ಕೌದಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಕೊಳ್ಳುವವರಿದ್ದಾರೆ. ದರ ಏರಿಸುವ ತನಕ ಕೌದಿ ಒಯ್ಯುವಾಗ ಹೊಲಿದವರ ಹೆಸರು ಕೇಳಿ, ಅವರ ಕೈಗೇ ಮೇಲೊಂದಿಷ್ಟು ಕೊಡಿ. ತೆಗೆದುಕೊಳ್ಳುತ್ತಾರೆ, ಸಂಕೋಚ ಪಡುತ್ತಾರೆ ಅಷ್ಟೆ.

ಕೌದಿ ಹೇಳುವವರು ಫೆಬ್ರುವರಿ-ಮಾರ್ಚಿನಲ್ಲೇ ಸೀರೆ ಕೊಟ್ಟುಬಿಡಿ. ಮಳೆ ಹಿಡಿದ ಮೇಲೆ ನೆಲಕ್ಕೆ ಹಾಸಿದ ಬಟ್ಟೆ ತೇವ ಎಳೆಯುತ್ತದೆ, ಕೆಲಸ ನಿಲ್ಲುತ್ತದೆ, ದೀಪಾವಳಿಗೆ ಬೇಕೆಂದು ದಸರೆಯಲ್ಲಿ ಓಡಿಬಂದವರಿಗೆ ಸಿಗುವುದು ಸಂಕ್ರಾಂತಿಗೆ. ಸೀರೆಗಳನ್ನು ಗಂಜಿ ಹೋಗುವಂತೆ ಒಗೆದು, ಹುಕ್ಕು ಪಿನ್ನು ನೋಡಿ ತೆಗೆದು ಕೊಡಬೇಕು. ಅಳತೆಯನ್ನು ‘ಒಬ್ಬರದು, ಇಬ್ಬರದು’ ಎಂದು ಬಾಯಲ್ಲಿ ಹೇಳದೆ ಇಂಚಿನಲ್ಲಿ ಬರೆಸಿ, ಹೊಲಿಗೆ ಬಿದ್ದಂತೆ ನಾಲ್ಕೂ ಕಡೆ ಒಂದೆರಡು ಇಂಚು ಒಳಗೆ ಎಳೆದುಕೊಳ್ಳುತ್ತದೆ ಎಂಬುದನ್ನು ಸೇರಿಸಿಯೇ ಬರೆಸಿ. ತೊಟ್ಟಿಲ ಕೌದಿಗೆ ಒಳಗೆ ಎರಡು ಪದರ ಸಾಕು, ನಾಲ್ಕು ಹಾಕಿಸಿದರೆ ಕೂಸಿಗೆ ಭಾರ. ಫೋನ್‌ಪೇ ನಡೆಯುತ್ತದೆ, ಮುಂಗಡ ಕೇಳುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ ಮಧ್ಯಾಹ್ನ ಮೂರರಿಂದ ಆರು. ರವಿವಾರ ಬಾಗಿಲು ತೆರೆದಿರುತ್ತದೆ, ಹಾಡು ಕೇಳುತ್ತದೆ, ಒಳಗೆ ಹೋದರೆ ಕೂಡಿಸಿ ಚಹಾ ಕೊಡುತ್ತಾರೆ. ಆವತ್ತು ವ್ಯಾಪಾರ ಮಾತ್ರ ಇಲ್ಲ.